ಬಸ್ಸು ಎಂಬ ಪ್ರತ್ಯಯ

ನಮ್ಮ ಕಾಲೇಜಿನ ವಿದ್ಯಾರ್ಥಿಗಳು ದಿನಕ್ಕೆ ಅತಿ ಹೆಚ್ಚು ಸಲ ಉಚ್ಚರಿಸುವ ಶಬ್ದ ಯಾವುದು? ‘ಪಾಠ’ ಎಂದು ಅಧ್ಯಾಪಕರು ಆಶಿಸಬಹುದು. ಸತ್ಯವನ್ನೇ ಹೇಳಬೇಕಾದರೆ ಅದು ‘ಬಸ್ಸು’. ರೈಲು ಬಾರದ ಶಿರಾಳಕೊಪ್ಪಕ್ಕೆ ಆನವಟ್ಟಿ, ಸೊರಬ, ಹಿರೇಕೆರೂರು, ಶಿಕಾರಿಪುರಗಳ ಕಡೆಯಿಂದ ಬರುವ ನಮ್ಮಂಥವರ ವಿದ್ಯಾಭ್ಯಾಸವೆಲ್ಲ ಬಸ್ಸಿನ ಕೃಪೆಯಲ್ಲಿದೆ.

ಮೊನ್ನೆ ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಗೆಳೆಯರೊಳಗೆ ಒಂದು ವಾದ ಹುಟ್ಟಿತು. “ಬಸ್ಸು ಇಂಗ್ಲಿಷಿನ ಶಬ್ದ ಕಣೋ. ತಮಿಳರು ‘ಪೇರುಂದು’ ಎಂದು ತಮ್ಮದೇ ಮಾತು ಕಟ್ಟಿಕೊಂಡಿದ್ದಾರೆ. ನಾವೇಕೆ ಸುಮ್ಮನಿದ್ದೇವೆ?” ಎಂದ ಒಬ್ಬ ಕನ್ನಡಾಭಿಮಾನಿ. ಅವನ ಅಭಿಮಾನ ದೊಡ್ಡದು. ಆದರೆ ನನ್ನ ಅಭಿಪ್ರಾಯ ಬೇರೆ. ಅದನ್ನು ಇಲ್ಲಿ ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯದಾಗಿ, ಬಸ್ಸು ಇಂಗ್ಲಿಷರ ಪಿತ್ರಾರ್ಜಿತ ಸೊತ್ತಲ್ಲ. ಅದರ ಪೂರ್ಣರೂಪ ‘ಓಮ್ನಿಬುಸ್’ ಎಂಬ ಲ್ಯಾಟಿನ್ ಪದ. ‘ಓಮ್ನಿಸ್’ ಎಂದರೆ ಎಲ್ಲ; ‘ಬುಸ್’ ಎಂಬುದು ಚತುರ್ಥಿಯ ಬಹುವಚನ ಪ್ರತ್ಯಯ. ಎರಡೂ ಕೂಡಿದರೆ ‘ಎಲ್ಲರಿಗೆ’ ಎಂದಾಯಿತು. ಫ್ರಾನ್ಸಿನ ನಾಂತ್ ನಗರದಲ್ಲಿ 1826ರಲ್ಲಿ ಬೋದ್ರಿ ಎಂಬಾತ ಊರ ಹೊರಗಿದ್ದ ತನ್ನ ಬಿಸಿನೀರಿನ ಸ್ನಾನಗೃಹಕ್ಕೆ ಗಿರಾಕಿಗಳನ್ನು ಕರೆತರಲು ಕುದುರೆಗಾಡಿ ಓಡಿಸಿದ. ಜನ ಸ್ನಾನವನ್ನು ಬಿಟ್ಟು ಗಾಡಿಯನ್ನು ಹಿಡಿದರು. ನಡುದಾರಿಯಲ್ಲಿ ಹತ್ತಿ ಇಳಿಯುವವರೇ ಹೆಚ್ಚಾದರು. ಗಾಡಿ ನಿಲ್ಲುತ್ತಿದ್ದೆಡೆ ಓಮ್ನೆಸ್ ಎಂಬ ಟೋಪಿ ವ್ಯಾಪಾರಿಯೊಬ್ಬನಿದ್ದನಂತೆ. ತನ್ನ ಹೆಸರಿನ ಮೇಲೆಯೇ ಶ್ಲೇಷೆ ಮಾಡಿ ಅಂಗಡಿಗೆ ‘ಓಮ್ನೆಸ್ ಓಮ್ನಿಬುಸ್’ ಎಂದು ಹಲಗೆ ಬರೆಸಿದ್ದನಂತೆ. ಆ ಹೆಸರೇ ಗಾಡಿಗೆ ಅಂಟಿಕೊಂಡಿತೆಂದು ಕಥೆ. 1828ರಲ್ಲಿ ಗಾಡಿ ಪ್ಯಾರಿಸ್ಸಿಗೂ 1829ರಲ್ಲಿ ಷಿಲಿಬಿಯರ್ ಎಂಬವನಿಂದ ಲಂಡನ್ನಿಗೂ ಹೋಯಿತು. ಅಲ್ಲಿಯ ಜನರ ಬಾಯಲ್ಲಿ ಶಬ್ದದ ತಲೆ ಹೋಗಿ ಬಾಲ ಮಾತ್ರ ಉಳಿಯಿತು.

ಆ ಬಾಲ ಲೋಕವನ್ನೆಲ್ಲ ಸುತ್ತಿದೆ. ಜರ್ಮನರು ಪೂರ್ಣರೂಪವನ್ನೂ ಉಳಿಸಿಕೊಂಡಿದ್ದಾರೆ. ಮೋಟಾರು ಬಂದ ಮೇಲೆ ಫ್ರೆಂಚರು ಗ್ರೀಕ್ ಮೂಲದ ‘ಓಟೊ’ವನ್ನು ಈ ಬಾಲಕ್ಕೆ ಕಟ್ಟಿ ‘ಓಟೊಬ್ಯೂಸ್’ ಮಾಡಿದರು. ಅದು ತುರ್ಕಿ ಭಾಷೆಗೂ ಹೋಯಿತು, ರಷ್ಯನ್ನಿನಲ್ಲಿ ‘ಅವ್ತೋಬುಸ್’ ಆಯಿತು. ಜಪಾನಿನಲ್ಲಿ ‘ಬಸು’, ಸ್ವಾಹಿಲಿಯಲ್ಲಿ ‘ಬಾಸಿ’. ಫ್ರಾನ್ಸಿನಲ್ಲಿ ‘ಓಮ್ನಿಬ್ಯೂಸ್’ ರೈಲೆಂದರೆ ದಾರಿಯ ಎಲ್ಲ ನಿಲ್ದಾಣಗಳಲ್ಲಿಯೂ ನಿಲ್ಲುವ ರೈಲು. ಈ ಕೊನೆಯ ಅರ್ಥವನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಲ್ಯಾಟಿನ್ನೂ ಸಂಸ್ಕೃತವೂ ಒಂದೇ ಮೂಲದಿಂದ ಕವಲೊಡೆದ ಭಾಷೆಗಳು. ‘ಗುರುಭ್ಯೋ ನಮಃ’ ಎಂದು ಕೈಮುಗಿಯುತ್ತೇವಲ್ಲ, ಅಲ್ಲಿಯ ‘ಭ್ಯಃ’ ಪ್ರತ್ಯಯ ಲ್ಯಾಟಿನ್ನಿನ ‘ಬುಸ್’ ಪ್ರತ್ಯಯಕ್ಕೆ ದಾಯಾದಿ. ‘ಓಮ್ನಿಬುಸ್’ ಅನ್ನು ಸಂಸ್ಕೃತದಲ್ಲಿ ಹೇಳುವುದಾದರೆ ‘ಸರ್ವೇಭ್ಯಃ’. ಅದರ ಬಾಲವನ್ನು ಇಂಗ್ಲಿಷಿನಿಂದ ಪಡೆದ ನಾವು, ಉಕಾರ ಸೇರಿಸಿ ನಾಮಪದ ಮಾಡಿ, ಮೇಲೆ ನಮ್ಮ ಚತುರ್ಥಿಯನ್ನೂ ಹಚ್ಚಿ ‘ಬಸ್ಸಿಗೆ’ ಎನ್ನುತ್ತೇವೆ. ಪ್ರತ್ಯಯಕ್ಕೆ ಪ್ರತ್ಯಯ! ಹೀಗೆ ಕನ್ನಡದ ನಡೆಗೆ ಒಗ್ಗಿಹೋದ ಶಬ್ದವನ್ನು ಹೊರಗಟ್ಟಿ ಯಾವ ಪುರುಷಾರ್ಥ ಸಾಧಿಸಬೇಕಾಗಿದೆ?

ಶಬ್ದದ ತಲೆ ಹೋದದ್ದಕ್ಕೆ ನನಗೆ ದುಃಖವಿಲ್ಲ. ಅರ್ಥದಲ್ಲಿದ್ದ ‘ಎಲ್ಲ’ ಎಂಬುದೂ ಹೋಗಬಾರದಲ್ಲ! ಹಳ್ಳಿಯ ಕಟ್ಟೆಯ ಮುಂದೆ ಪಾಸು ಹಿಡಿದ ಹುಡುಗರು ಕೈಯೆತ್ತಿದ್ದನ್ನು ಕಂಡು ವೇಗ ಹೆಚ್ಚಿಸುವ ಬಸ್ಸುಗಳನ್ನು ನಾವು ಕಂಡಿದ್ದೇವೆ. ಕಳೆದ ವರ್ಷ ಕಿರುಪರೀಕ್ಷೆಯ ದಿನ ಅಂಥದೊಂದು ಬಸ್ಸಿನ ಧೂಳು ಕುಡಿದು ನಮ್ಮೂರಿನ ಮೂವರು ಅರ್ಧ ಗಂಟೆ ತಡವಾಗಿ ಕೊಠಡಿಯನ್ನು ಸೇರಿದೆವು. ಕಿಕ್ಕಿರಿದ ಬಸ್ಸಿನಲ್ಲಿ ಕಂಡಕ್ಟರರ ಪಾಡೂ ಕಷ್ಟದ್ದೇ, ನಾನು ಬಲ್ಲೆ. ಆದರೆ ನಿಲ್ಲದೆ ಹೋದ ಬಸ್ಸಿಗೆ ಆ ಹೆಸರು ಸಲ್ಲುವುದೆ?

ಇದು ಹೊಸ ಪ್ರಶ್ನೆಯೇನೂ ಅಲ್ಲ. ಗಣಿತಜ್ಞ ಪ್ಯಾಸ್ಕಲನ ಯೋಜನೆಯಂತೆ 1662ರಲ್ಲಿಯೇ ಪ್ಯಾರಿಸ್ಸಿನಲ್ಲಿ ಗೊತ್ತಾದ ದಾರಿಯಲ್ಲಿ, ಗೊತ್ತಾದ ದರಕ್ಕೆ ಗಾಡಿಗಳು ಓಡಿದವು. ಆದರೆ ಸಿಪಾಯಿಗಳೂ ಆಳುಗಳೂ ಕೂಲಿಕಾರರೂ ಅವನ್ನು ಹತ್ತಕೂಡದೆಂದು ಅಲ್ಲಿಯ ನ್ಯಾಯಸಭೆ ವಿಧಿಸಿತು. ಹೆಚ್ಚು ವರ್ಷ ಕಳೆಯುವ ಮುನ್ನವೇ ಆ ಗಾಡಿಗಳು ನಿಂತುಹೋದವು. ಅದಕ್ಕೆ ಸರಿಯಾಗಿ ಐನೂರು ವರ್ಷ ಹಿಂದೆ, 1162ರಲ್ಲಿ, ನಮ್ಮ ಪಕ್ಕದ ಬಳ್ಳಿಗಾವಿಯ ಶಾಸನವೊಂದು ಕೋಡಿಯಮಠವನ್ನು ವರ್ಣಿಸಿದೆ. ಅಲ್ಲಿ ನಾನಾ ವ್ಯಾಕರಣಗಳ ಪಾಠ ನಡೆಯುತ್ತಿತ್ತು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತು. ಚತುರ್ಥೀ ವಿಭಕ್ತಿಯನ್ನು ಓದಿದ ಮನೆಯಲ್ಲಿಯೇ ಅದನ್ನು ಆಚರಿಸಿಯೂ ತೋರಿಸಿದರು.

ನಮ್ಮ ಕಾಲದಲ್ಲಿಯೂ ಆ ದಾರಿಯಲ್ಲಿ ಹೆಜ್ಜೆಗಳು ಬಿದ್ದಿವೆ. 1948ರಲ್ಲಿ ಮೈಸೂರು ಸರ್ಕಾರ ತಾನೇ ಬಸ್ಸು ನಡೆಸತೊಡಗಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಆದರೆ ಖಾಸಗಿ ಬಸ್ಸಿಗೆ ಅದು ಅನ್ವಯಿಸದು. ಸರ್ಕಾರಿ ಬಸ್ಸು ಸುಳಿಯದ ದಾರಿಯ ಸೋದರಿಯರಿಗೆ ಅದರಿಂದ ಬಂದ ಭಾಗ್ಯವೇನು?

ಕೊನೆಯದಾಗಿ ಒಂದು ಮಾತು. ಲ್ಯಾಟಿನ್ನಿನ ‘ಬುಸ್’ ಪ್ರತ್ಯಯಕ್ಕೆ ‘ಇಗೆ’ ಎಂಬ ಅರ್ಥವಿರುವಂತೆ ‘ಇಂದ’ ಎಂಬ ಅರ್ಥವೂ ಉಂಟು. ‘ಓಮ್ನಿಬುಸ್’ ಎಂದರೆ ಎಲ್ಲರಿಗೆ. ಎಲ್ಲರಿಂದ ಎಂದೂ ಹೌದು. ಸರ್ಕಾರಿ ಬಸ್ಸಾಗಲಿ, ಈ ಸರ್ಕಾರಿ ಕಾಲೇಜಾಗಲಿ ನಡೆಯುತ್ತಿರುವುದು ಎಲ್ಲರ ತೆರಿಗೆಯಿಂದ. ನಾಳೆ ನಮ್ಮಲ್ಲಿ ಕೆಲವರು ಕಂಡಕ್ಟರರಾದೇವು, ಕೆಲವರು ಅಧಿಕಾರಿಗಳಾದೇವು, ಕೆಲವರು ಇದೇ ಕಾಲೇಜಿಗೆ ಅಧ್ಯಾಪಕರಾಗಿ ಬಂದೇವು. ಆಗ ದಾರಿಯ ಬದಿಯಲ್ಲಿ ಒಂದು ಕೈ ಮೇಲೆದ್ದರೆ ಗಾಡಿ ನಿಲ್ಲಿಸೋಣ. ಹೆಸರಿನಿಂದ ಬಿದ್ದುಹೋದ ‘ಎಲ್ಲರೂ’ ಒಳಗೆ ಹತ್ತಿ ಬರಲಿ.