ಮಂಡಿಪೇಟೆಗೆ ಮಾನವಶಾಸ್ತ್ರವು ಬೇಡವೇ?

ಮಾನವಶಾಸ್ತ್ರದ ಹೆಸರನ್ನೆತ್ತಿದೊಡನೆ ದಾವಣಗೆರೆಯ ಮಂಡಿಪೇಟೆಯಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಅದು ಕಾಡುಜನರ ವಿಚಾರವೆಂಬುದು ಒಂದು. ಅದನ್ನೋದಿದವನಿಗೆ ಅನ್ನ ಹುಟ್ಟದೆಂಬುದು ಇನ್ನೊಂದು. ಗಾದಿಯ ಮೇಲೆ ಕುಳಿತ ಯಜಮಾನರು ಹೀಗೆಂದರೆ ಆಶ್ಚರ್ಯವಿಲ್ಲ. ಲಾಭನಷ್ಟಗಳನ್ನು ತೂಗುವುದೇ ಅವರ ಕಸಬು. ಆದರೆ ಕಾಲೇಜುಗಳನ್ನು ನಡೆಯಿಸತಕ್ಕ ಮಹನೀಯರೂ ಅದೇ ತಕ್ಕಡಿಯನ್ನು ಹಿಡಿದಿರುವುದು ಶೋಚನೀಯವು. ಈ ನಗರದಲ್ಲಿ ವೈದ್ಯವುಂಟು, ಯಂತ್ರವಿದ್ಯೆಯುಂಟು, ವಾಣಿಜ್ಯವುಂಟು. 2009ರಿಂದ ವಿಶ್ವವಿದ್ಯಾನಿಲಯವೇ ಉಂಟು. ಮನುಷ್ಯನ ಕುಲ, ಕಸಬು, ನಂಟಸ್ತಿಕೆ, ಪೂಜೆ, ನುಡಿ ಇವುಗಳನ್ನು ಶಾಸ್ತ್ರಕ್ರಮದಿಂದ ಕಲಿಯಬಯಸುವವರಾದರೋ ಗಂಟುಮೂಟೆ ಕಟ್ಟಿಕೊಂಡು ಧಾರವಾಡಕ್ಕೋ ಮೈಸೂರಿಗೋ ಹೋಗುವುದು ರೂಢಿಯಾಗಿದೆ. ಉಳ್ಳವರ ಮಗನು ಹೋದಾನು. ಹಮಾಲಿಯ ಮಗಳು ಹೋಗಲಾರಳು.

ಕಾಡುಜನರ ವಿಚಾರವೆಂಬ ಮಾತನ್ನು ಮೊದಲು ಪರೀಕ್ಷಿಸತಕ್ಕದ್ದು. ಮಂಡಿಪೇಟೆಯ ಒಂದು ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತವನಿಗೆ ಯಾವ ಕಾಡಿನ ಅಗತ್ಯವಿದೆ? ಅಂಗಡಿಗೆ ಯಾವ ಊರಿನ ರೈತನು ಯಾವ ತಲೆಮಾರಿನಿಂದ ಮಾಲು ತರುತ್ತಾನೆ, ಸಾಲಕ್ಕೆ ಕಾಗದವೋ ಮಾತೋ ಆಧಾರ, ಹಮಾಲರ ತಂಡಕ್ಕೆ ಹೊಸಬನು ಸೇರುವುದು ನೆಂಟನ ಮೂಲಕವೋ ಕೇರಿಯ ಮೂಲಕವೋ, ಬಿದ್ದ ಕಾಳನ್ನು ಗುಡಿಸಿಕೊಳ್ಳುವ ಹಕ್ಕು ಯಾರದು—ಇವೆಲ್ಲವೂ ಶಾಸ್ತ್ರದ ಪ್ರಶ್ನೆಗಳೇ. ದನದ ಸಂತೆಯಲ್ಲಿ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ಪದ್ಧತಿಯು ಒಂದು ಭಾಷೆಯೇ ಸರಿ. ಅದಕ್ಕೆ ವ್ಯಾಕರಣವುಂಟು, ಅದರಲ್ಲಿ ಸುಳ್ಳಾಡಿದವನಿಗೆ ದಂಡವೂ ಉಂಟು. 2014ರಿಂದ ಈಚೆಗೆ ಕರ್ನಾಟಕದ ನಿಯಂತ್ರಿತ ಮಾರುಕಟ್ಟೆಗಳಲ್ಲಿ ಕಂಪ್ಯೂಟರಿನ ಟೆಂಡರು ಹರಡಿತು. ಅದರಿಂದ ರೈತನಿಗೆ ಒಳಿತಾಗಿದ್ದರೆ ಸಂತೋಷವೇ; ಆದರೆ ಹಳೆಯ ವ್ಯಾಪಾರದ ಮಾತು, ಸನ್ನೆ, ನಂಬಿಕೆಗಳನ್ನು ಬಲ್ಲ ಮುದುಕರು ಒಬ್ಬೊಬ್ಬರಾಗಿ ಕಣ್ಮುಚ್ಚುತ್ತಿದ್ದಾರೆ.

ಪೇಟೆಯಿಂದಾಚೆಗೆ ಮಂಡಕ್ಕಿ ಭಟ್ಟಿಗಳ ಹೊಗೆಯಿದೆ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಿದೆ. ಅಲ್ಲಿ ಯಾವ ಕೇರಿಗೆ ಯಾವ ಸೇವೆ, ಯಾವ ಮನೆತನಕ್ಕೆ ಯಾವ ಮರ್ಯಾದೆ ಎಂಬುದನ್ನು ಬಿಡಿಸಲು ಹೊರಟವನಿಗೆ ನಗರದ ಪೂರ್ವಚರಿತ್ರೆಯೇ ಕೈಗೆ ಸಿಕ್ಕೀತು. ನೆರೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಒಕ್ಕಲುಮಕ್ಕಳನ್ನು ಲೇತ್ ಯಂತ್ರದ ಮುಂದೆ ನಿಲ್ಲಿಸಿತು. ಕಡೆಗೆ ಬಾಗಿಲನ್ನೂ ಮುಚ್ಚಿತು. ಆ ಸಂಸಾರಗಳಲ್ಲಿ ಮದುವೆ, ಮನೆ, ಮಾನಗಳ ಲೆಕ್ಕವು ಹೇಗೆ ತಿರುಗಿತೆಂಬುದನ್ನು ಜಿಲ್ಲೆಯ ವಿದ್ಯಾವಂತರು ಎಷ್ಟು ಪುಟ ಬರೆದಿಟ್ಟಿದ್ದಾರೆ? ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪಕ್ಕೆ ಸೇವಾಲಾಲರ ಹೆಸರಿನಲ್ಲಿ ದೇಶದ ಮೂಲೆಮೂಲೆಗಳಿಂದ ಬಂಜಾರರು ಬಂದು ಸೇರುತ್ತಾರೆ. ವಿಷಯವು ಮನೆಯ ಬಾಗಿಲಿಗೇ ಬಂದು ನಿಂತಿದೆ, ಕೇಳುವವರಿಲ್ಲ.

ಕನ್ನಡನಾಡಿಗೆ ಈ ವಿದ್ಯೆಯು ಹೊಸದೆಂದು ಹೇಳುವುದೂ ಸಲ್ಲದು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ವೈಸ್‌ಚಾನ್ಸಲರಾದ ಎಚ್. ವಿ. ನಂಜುಂಡಯ್ಯನವರು ಸಂಸ್ಥಾನದ ಜನಾಂಗಗಳ ವಿವರಗಳನ್ನು ಶೇಖರಿಸಿದವರು; ಅವರ ತರುವಾಯ ಎಲ್. ಕೆ. ಅನಂತಕೃಷ್ಣ ಅಯ್ಯರವರು ಆ ಕಾರ್ಯವನ್ನು ಮುಂದುವರಿಸಿ, 1928ರಿಂದ 1935ರೊಳಗೆ 4 ಸಂಪುಟಗಳು ಹೊರಬಂದವು. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ನೆಲಸಿ ಅಭ್ಯಾಸಮಾಡಿದರು. 1970ರಲ್ಲಿ ಅವರ ಟಿಪ್ಪಣಿಗಳು ಅಮೆರಿಕದಲ್ಲಿ ಬೆಂಕಿಗೆ ಸಿಕ್ಕಲು, ನೆನಪಿನ ಬಲದಿಂದಲೇ ಗ್ರಂಥವನ್ನು ಬರೆದು 1976ರಲ್ಲಿ ಪ್ರಕಟಿಸಿದರು. ಮಹಾಕಾರ್ಯವೇ ಅಹುದು. ಆದರೆ ಸಂಪುಟಗಳೂ ಗ್ರಂಥವೂ ಮೊದಲು ಹೊರಬಂದುದು ಇಂಗ್ಲಿಷಿನಲ್ಲಿ; ಯಾರ ವಿಷಯವಾಗಿ ಬರೆಯಲ್ಪಟ್ಟಿತೋ ಅವರು ಓದಿ ತಪ್ಪು ತೋರಿಸುವಂತಿರಲಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆಯುಂಟು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಈ ಶಾಸ್ತ್ರವು ಆಳುವವರ ಕೈಯ ಕೋಲಾಗಿತ್ತು. 1901ರ ಜನಗಣತಿಯ ಮೇಲ್ವಿಚಾರಕನಾದ ರಿಸ್ಲೆಯು ಮೂಗಿನ ಉದ್ದಗಲಗಳನ್ನು ಅಳೆದು ಜಾತಿಯ ಮೇಲುಕೀಳನ್ನು ನಿರ್ಣಯಿಸಲು ಹೊರಟನು. 1871ರ ಕಾಯಿದೆಯು ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಲು ಅವಕಾಶಕೊಟ್ಟಿತು. 1952ರವರೆಗೂ ಅದು ತೊಲಗಲಿಲ್ಲ. ಅಂಥವರನ್ನು ಕಾವಲಿನಲ್ಲಿರಿಸಿದ ಹುಬ್ಬಳ್ಳಿಯ ಬಡಾವಣೆಗೆ ಸೆಟ್ಲಮೆಂಟೆಂಬ ಹೆಸರು ಇನ್ನೂ ಅಂಟಿಕೊಂಡಿದೆ. ಇಂಥ ಕಳಂಕವುಳ್ಳ ವಿದ್ಯೆಯು ಏಕೆ ಬೇಕೆಂದು ಕೇಳುವವರಿಗೆ ಉತ್ತರವು ಇದೇ: ಅಳೆಯುವವನು ಒಬ್ಬ, ಅಳೆಯಿಸಿಕೊಳ್ಳುವವನು ಮತ್ತೊಬ್ಬ ಎಂಬ ಭೇದವಿದ್ದುದರಿಂದಲೇ ಆ ಅನರ್ಥವು ಬೆಳೆಯಿತು. ಪಟ್ಟಿಯಲ್ಲಿ ಸೇರಿದವರ ಮೊಮ್ಮಗಳೇ ಲೇಖನಿ ಹಿಡಿದು ಪ್ರಶ್ನೆ ಕೇಳಲಿ. ಆಗ ಶಾಸ್ತ್ರದ ಬಣ್ಣವೇ ಬೇರೆಯಾದೀತು. ಅವಳಿಗೆ ಪಾಠವನ್ನು ಕೊಡದೆ, ಪಾಠವು ಕೆಟ್ಟದೆಂದು ಉಪದೇಶಿಸುವುದು ಯಾವ ಔದಾರ್ಯ?

ಇನ್ನು ಅನ್ನದ ಮಾತು. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಮಾನವಶಾಸ್ತ್ರವು ಐಚ್ಛಿಕ ವಿಷಯವಾಗಿದ್ದು, ಅದನ್ನು ಕಲಿಯಲು ಯುವಕರು ದಿಲ್ಲಿಯವರೆಗೂ ಹೋಗಿ ಹಣ ತೆರುತ್ತಾರೆ. ಊರ ಕಾಲೇಜಿನಲ್ಲಿ ನಿಷ್ಪ್ರಯೋಜಕವಾದದ್ದು ದಿಲ್ಲಿಯ ಓಣಿಯಲ್ಲಿ ಹೇಗೆ ಬೆಲೆಬಾಳುವ ಸರಕಾಯಿತೆಂಬುದನ್ನು ಮಂಡಿಯ ಯಜಮಾನರೇ ಬಿಡಿಸಿ ಹೇಳಬೇಕು! ಅಮೆರಿಕದಲ್ಲಿ ಸಮುದಾಯ ಕಾಲೇಜುಗಳೆಂಬ ಎರಡು ವರ್ಷದ ವಿದ್ಯಾಲಯಗಳುಂಟು. ಹಗಲು ದುಡಿದು ಸಂಜೆ ಬರುವವರಿಗೂ ಅಲ್ಲಿ ಈ ಶಾಸ್ತ್ರದ ಮೊದಲ ಪಾಠವು ದೊರೆಯುತ್ತದೆ. ಆ ಹೆಸರು ಭಾರತಕ್ಕೂ ಬಂದಿತು. ಆದರೆ ಇಲ್ಲಿ ಅದರ ಗಮನವೆಲ್ಲ ಕೈಕಸಬಿನ ತರಬೇತಿಯ ಮೇಲೆಯೇ ನಿಂತಿತು. ದುಡಿಯುವವನಿಗೆ ಕೈ ಸಾಕು, ತನ್ನವರನ್ನು ಕುರಿತು ಯೋಚಿಸುವ ತಲೆಯು ಬೇಡವೆಂಬ ತೀರ್ಮಾನವನ್ನು ಯಾರು ಮಾಡಿದರು?

ಇದಕ್ಕೆ ಮಹಾಭವನವೇನೂ ಬೇಕಿಲ್ಲ. ಒಬ್ಬ ಅಧ್ಯಾಪಕನು, ಕನ್ನಡದಲ್ಲಿ ಒಂದು ಪಠ್ಯ, ಪ್ರತಿ ವಿದ್ಯಾರ್ಥಿಗೂ ಒಂದು ಟಿಪ್ಪಣಿ ಪುಸ್ತಕ, ವಾರಕ್ಕೆರಡು ಸಂಜೆ ಪೇಟೆಯಲ್ಲಿ ಅಲೆಯಲು ಅನುಮತಿ—ಇಷ್ಟರಿಂದ ಆರಂಭಿಸಬಹುದು. ಶಿಗ್ಗಾವಿಯ ಬಳಿಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ 2011ರಲ್ಲಿ ವಿಶ್ವವಿದ್ಯಾಲಯವು ಹುಟ್ಟಿತು. ಸಲಹೆ ಕೇಳಲು ಅದು ದೂರವೂ ಅಲ್ಲ. ಬರುವ ದುಗ್ಗಮ್ಮನ ಜಾತ್ರೆಗೆ ಸಾರು ಹಾಕುವಷ್ಟರಲ್ಲಿ ಹತ್ತು ಮಂದಿ ವಿದ್ಯಾರ್ಥಿಗಳು ಪುಸ್ತಕ ಹಿಡಿದು ಕೇರಿಗಳಲ್ಲಿ ಕುಳಿತಿರಬಹುದು. ಕಾಲೇಜುಗಳ ಆಡಳಿತ ಸಭೆಗಳು ಈ ವರ್ಷ ಇದನ್ನು ಚರ್ಚೆಗೆ ತರುವುವೋ ಇಲ್ಲವೋ, ಬಹಿರಂಗವಾಗಿ ಹೇಳಲಿ.