ಹುಡುಗರಿಗೆ ಕೆಡ್ಡಸ ಇಲ್ಲವೇ?

ಬೋಧನಾಭ್ಯಾಸದಲ್ಲಿ 8ನೇ ತರಗತಿಗೆ ಹದಿಹರೆಯದ ಪಾಠ ನನ್ನ ಪಾಲಿಗೆ ಬಂತು. ಶಾಲೆಯ ಹಿರಿಯ ಶಿಕ್ಷಕರೊಬ್ಬರು, "ಹುಡುಗಿಯರಿಗೆ ಮೇಡಂ ಬೇರೆ ಕೂರಿಸಿ ಹೇಳ್ತಾರೆ ಮಾರಾಯ್ರೆ, ಹುಡುಗರು ಓದಿಕೊಳ್ಳಲಿ, ನೀವು ಮುಂದಿನ ಪಾಠಕ್ಕೆ ಹೋಗಿ" ಎಂದರು. ಪಾಠಯೋಜನೆ ಬರೆದಾಗಿತ್ತು. ಕೇಳಿಕೊಂಡೆ, ಒಪ್ಪಿದರು.

ಪೀಠಿಕೆಗೆ ಕೆಡ್ಡಸವನ್ನು ಆರಿಸಿಕೊಂಡಿದ್ದೆ. ಹೆಜಮಾಡಿಯಲ್ಲಿ ಬೆಳೆದ ನನಗೆ ಅದಕ್ಕಿಂತ ಹತ್ತಿರದ ಪೂರ್ವಜ್ಞಾನ ಹೊಳೆಯಲಿಲ್ಲ. ತುಳುವರ ಪೊನ್ನಿ ತಿಂಗಳ ಕೊನೆಗೆ, ಅಂದರೆ ಫೆಬ್ರವರಿ ಎರಡನೇ ವಾರದ ಹೊತ್ತಿಗೆ, ಭೂಮಿ ಮುಟ್ಟಾಗುತ್ತಾಳೆ ಎಂಬ ನಂಬಿಕೆ. ಮೂರು ದಿನ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ. ಕಡೆಗೆ ಮನೆಯ ಹೆಂಗಸರು ತುಳಸಿಕಟ್ಟೆಯ ಬಳಿ ನೆಲಕ್ಕೆ ಎಣ್ಣೆ ಬಿಡುತ್ತಾರೆ. ಹಾಗಾಗಿ ಮುಟ್ಟು ಎಂಬ ಮಾತು ನಗು ಎಬ್ಬಿಸದೆ ದಾಟಿತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ, "ಹುಡುಗರಿಗೆ ಕೆಡ್ಡಸ ಇಲ್ವಾ ಸರ್?" ತರಗತಿಯೆಲ್ಲ ನಕ್ಕಿತು. ನನ್ನಲ್ಲಿ ಉತ್ತರವಿರಲಿಲ್ಲ. ಅವಲೋಕನ ಪುಸ್ತಕದಲ್ಲಿ ಬಂದದ್ದು: ತರಗತಿ ನಿಯಂತ್ರಣ ಸುಧಾರಿಸಬೇಕು.

ಆ ಪ್ರಶ್ನೆ ಬರೀ ತುಂಟತನ ಅಲ್ಲ. ನನ್ನ ಅಕ್ಕ ದೊಡ್ಡವಳಾದಾಗ ಎಣ್ಣೆ, ಅರಿಶಿನ ಹಚ್ಚಿ ಮೀಯಿಸಿ, ಸೀರೆ ಉಡಿಸಿ, ಶಂಕರಪುರ ಮಲ್ಲಿಗೆ ಮುಡಿಸಿ, ನೆಂಟರಿಗೆಲ್ಲ ಊಟ ಹಾಕಿದ್ದರು. ಅವಳಿಗೆ ಅದು ಖುಷಿಯಾಗಿತ್ತು ಎನ್ನಲಾರೆ. ಊರಿಗೆಲ್ಲ ಸಾರಿದ್ದಕ್ಕೆ ಇವತ್ತಿಗೂ ಸಿಟ್ಟಿದೆ. ಕಡಲ ಕರೆಗೆ ಆಡಲು ಹೋಗುವುದೂ ಅಂದಿಗೆ ನಿಂತಿತು. ಆದರೂ ಏನಾಗುತ್ತಿದೆ ಎಂದು ಹೇಳಲು ಅಜ್ಜಿ, ದೊಡ್ಡಮ್ಮ ಪಕ್ಕದಲ್ಲಿ ಕೂತಿದ್ದರು. ನನ್ನ ದನಿ ಒಡೆದಾಗ ಮನೆಯವರು ನಕ್ಕರು, ಅಷ್ಟೆ. ಉಳಿದದ್ದನ್ನು ಗೆಳೆಯನ ಮೊಬೈಲು ಕಲಿಸಿತು, ಅದೂ ತಪ್ಪುತಪ್ಪಾಗಿ. ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗವಲ್ಲ ಎಂದು ತಿಳಿಯಲು ನಾನು ಬಿಎಸ್ಸಿ ಸೇರಬೇಕಾಯಿತು.

ಉಪನಯನವಿಲ್ಲವೇ ಎನ್ನಬಹುದು. ಅದು ಕೆಲವೇ ಜಾತಿಗಳ ಹುಡುಗರಿಗೆ, ಅದಕ್ಕೂ ಮೈಯ ಬದಲಾವಣೆಗೂ ಸಂಬಂಧವಿಲ್ಲ. ಯಹೂದಿ ಹುಡುಗ 13ಕ್ಕೆ ಸಭೆಯ ಮುಂದೆ ಧರ್ಮಗ್ರಂಥ ಓದಿ ದೊಡ್ಡವನೆನಿಸಿಕೊಳ್ಳುತ್ತಾನೆ. ಜಪಾನಿನಲ್ಲಿ ಜನವರಿಯ ಎರಡನೇ ಸೋಮವಾರ ಪ್ರಾಯಕ್ಕೆ ಬಂದ ಹುಡುಗ ಹುಡುಗಿಯರನ್ನು ಒಟ್ಟಿಗೇ ಹರಸುತ್ತಾರೆ. ಅಂಥ ಹೊಸ ಆಚರಣೆ ಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಹೆಚ್ಚಿನ ಹುಡುಗರಿಗೆ ದೊಡ್ಡವರೊಬ್ಬರು ಎದುರು ನಿಂತು ಹೇಳುವ ಅವಕಾಶವೆಂದರೆ ಈ ಒಂದು ಪಾಠ. ಅದನ್ನು ಹಾರಿಸಬಾರದು, ಬೇರೆ ಬೇರೆ ಕೂರಿಸಿ ಮುಗಿಸಲೂಬಾರದು. ಗಂಡು ಪ್ರಶಿಕ್ಷಣಾರ್ಥಿಗಳು ಇದನ್ನು ಮೊದಲು ಕಾಲೇಜಿನಲ್ಲಿ, ಸಹಪಾಠಿಗಳ ಮುಂದೆ ಮಾಡಿ ನಾಚಿಕೆ ಕಳೆದುಕೊಳ್ಳಬೇಕು. ನಮ್ಮ ಬ್ಯಾಚಿನ ಸೂಕ್ಷ್ಮಬೋಧನೆಯಲ್ಲಿ ದ್ಯುತಿಸಂಶ್ಲೇಷಣೆ ಐದು ಸಲ ಬಂತು, ಈ ಪಾಠ ಒಮ್ಮೆಯೂ ಬರಲಿಲ್ಲ.