ಕಲ್ಲು ಹೊತ್ತವರ ಕೋಟೆ

ವೆಸ್ಟ್ ಇಂಡೀಸ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಕ್ರಿಕೆಟ್. 1976ರ ಏಪ್ರಿಲ್‌ನಲ್ಲಿ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ನಮ್ಮ ಚಂದ್ರಶೇಖರ್ ಮೊದಲ ಸರದಿಯಲ್ಲಿ ಆರು ವಿಕೆಟ್ ಉರುಳಿಸಿದುದನ್ನೂ, ವಿಶ್ವನಾಥ್ ಶತಕ ಬಾರಿಸಿ 403 ರನ್ನುಗಳ ಗುರಿಯನ್ನು ಮುಟ್ಟಲು ನೆರವಾದುದನ್ನೂ ಹಿರಿಯರು ಇಂದಿಗೂ ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾರೆ. ಆ ಆಟಗಾರರ ಊರು ಎಂಥದು, ಅವರ ಹಿರಿಯರು ಅಲ್ಲಿಗೆ ಬಂದುದು ಹೇಗೆ ಎಂಬ ಯೋಚನೆ ಮಾತ್ರ ನಮಗೆ ಬರುವುದು ಕಡಮೆ. ನನಗೂ ಬಂದಿರಲಿಲ್ಲ.

ಕಳೆದ ವರ್ಷ ನಮ್ಮ ಕಾಲೇಜಿನ ವಾಚನಾಲಯದಲ್ಲಿ ಬಣ್ಣದ ಪುರವಣಿಯೊಂದು ನನ್ನ ಕೈಗೆ ಸಿಕ್ಕಿತು. ಕೆರಿಬಿಯನ್ ದ್ವೀಪಗಳಿಗೆ ಪ್ರವಾಸ ಹೋಗಬಯಸುವವರಿಗಾಗಿ ಅಚ್ಚು ಮಾಡಿದುದು ಅದು. ನೀಲಿ ಕಡಲು, ಬಿಳಿಯ ಮರಳು, ತೆಂಗಿನ ನೆರಳಿನಲ್ಲಿ ಮೈಚಾಚಿ ಮಲಗಿದ ದಂಪತಿಗಳು. ಪುಟ ತಿರುವಿದರೆ ಹಳೆಯ ಕೋಟೆಗಳು, ಸಾಲಾಗಿ ನಿಲ್ಲಿಸಿದ ಫಿರಂಗಿಗಳು. ಬೆಳಿಗ್ಗೆ ಕೋಟೆ, ಮಧ್ಯಾಹ್ನ ಈಜು, ಸಂಜೆ ಸಂಗೀತ ಎಂದು ದಿನಚರಿಯನ್ನೂ ಹಾಕಿಕೊಟ್ಟಿದ್ದರು. ಸೇಂಟ್ ಕಿಟ್ಸ್ ದ್ವೀಪದ ಬ್ರಿಮ್‌ಸ್ಟೋನ್ ಹಿಲ್ ಎಂಬ ಗಿರಿದುರ್ಗದ ಚಿತ್ರ ನನಗೆ ಬಹಳ ಹಿಡಿಸಿತು. ಗ್ರಂಥಪಾಲಕರ ಅನುಮತಿ ಪಡೆದು ಆ ಪುರವಣಿಯನ್ನು ಮನೆಗೆ ಕೊಂಡೊಯ್ದೆ.

ನನ್ನ ತಂದೆ ಓದು ಬಲ್ಲವರಲ್ಲ. ಮೂವತ್ತು ವರ್ಷಗಳಿಂದ ಕಲ್ಲು ಒಡೆಯುವುದು, ಗೋಡೆ ಕಟ್ಟುವುದು ಅವರ ಕಸುಬು. ಚಿತ್ರವನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ ಅವರು ಕೇಳಿದುದು ಇಷ್ಟೆ: “ಈ ಕಲ್ಲು ಅಲ್ಲೇ ಒಡೆದದ್ದೋ, ಕೆಳಗಿಂದ ಹೊತ್ತದ್ದೋ ಮಗಾ? ಗಾರೆಗೆ ಸುಣ್ಣ ಎಲ್ಲಿಂದ ತಂದರು?”

ನನ್ನಲ್ಲಿ ಉತ್ತರವಿರಲಿಲ್ಲ. ಪುರವಣಿಯಲ್ಲಿಯೂ ಇರಲಿಲ್ಲ. ಕೋಟೆಯ ಮೇಲಿನಿಂದ ಕಾಣುವ ಸೂರ್ಯಾಸ್ತದ ವರ್ಣನೆ ಇತ್ತು, ಉಪಾಹಾರದ ವಿವರವಿತ್ತು, ಕಲ್ಲು ಹೊತ್ತವರ ಸುದ್ದಿ ಇರಲಿಲ್ಲ. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ನಾಚಿಕೆಯಾಯಿತು. ನಮ್ಮ ಅಧ್ಯಾಪಕರ ನೆರವಿನಿಂದ ಕೆಲವು ಪುಸ್ತಕಗಳನ್ನು ಹುಡುಕಿ ಓದಿದೆ. ಆ ಓದಿನಿಂದ ಹುಟ್ಟಿದ ಅಭಿಪ್ರಾಯವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ತಂದೆಯವರ ಪ್ರಶ್ನೆಗೆ ಉತ್ತರ. ಬ್ರಿಮ್‌ಸ್ಟೋನ್ ಹಿಲ್ ಜ್ವಾಲಾಮುಖಿಯ ಶಿಲೆಯಿಂದಾದ, ಸುಮಾರು 230 ಮೀಟರು ಎತ್ತರದ ಗುಡ್ಡ. ಕೋಟೆಗೆ ಬೇಕಾದ ಕಲ್ಲನ್ನು ಬಹುಮಟ್ಟಿಗೆ ಆ ಗುಡ್ಡದಲ್ಲಿಯೇ ಒಡೆದರು; ಗಾರೆಯ ಸುಣ್ಣಕ್ಕೆ ಬೇಕಾದ ಸುಣ್ಣಕಲ್ಲೂ ಅದೇ ಗುಡ್ಡದ ಇಳಿಜಾರಿನಲ್ಲಿ ದೊರೆಯಿತು. 1690ರಲ್ಲಿ ಅಲ್ಲಿ ಮೊದಲ ಫಿರಂಗಿಗಳನ್ನು ಏರಿಸಿದ ಮೇಲೆ ನೂರು ವರ್ಷಕ್ಕೂ ಮಿಕ್ಕಿ ಕಟ್ಟಡದ ಕೆಲಸ ನಡೆಯಿತು. ನಕ್ಷೆ ಬರೆದವರು ಬ್ರಿಟಿಷ್ ಸೈನ್ಯದ ಎಂಜಿನಿಯರುಗಳು. ಕಲ್ಲು ಒಡೆದವರು, ಹೊತ್ತವರು, ಕಟ್ಟಿದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು.

ಅಷ್ಟು ಕಷ್ಟಪಟ್ಟು ಕಾಯಬೇಕಾದ ಐಶ್ವರ್ಯ ಆ ಪುಟ್ಟ ದ್ವೀಪದಲ್ಲಿ ಏನಿತ್ತು? ಸಕ್ಕರೆ. ಐರೋಪ್ಯರ ಚಹದ ಬಟ್ಟಲಿಗೆ ಬೇಕಾದ ಸಕ್ಕರೆಯನ್ನು ಬೆಳೆಯಲು ಈ ದ್ವೀಪಗಳ ಕಾಡು ಕಡಿದು ಕಬ್ಬು ನೆಟ್ಟರು. ಅಮೆರಿಕ ಖಂಡಗಳಿಗೂ ಈ ದ್ವೀಪಗಳಿಗೂ ಸಾಗಿಸಲೆಂದು ಆಫ್ರಿಕದ ತೀರದಲ್ಲಿ ಹಡಗು ಹತ್ತಿಸಿದವರ ಸಂಖ್ಯೆ ಸುಮಾರು ಒಂದೂಕಾಲು ಕೋಟಿ. ದಾರಿಯಲ್ಲಿಯೇ ಸತ್ತವರು ಸುಮಾರು 18 ಲಕ್ಷ ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಕೋಟೆಯ ಫಿರಂಗಿಗಳಲ್ಲಿ ಕೆಲವು ಕಡಲಿನ ಕಡೆಗೆ, ಬೇರೆ ರಾಜರ ಹಡಗುಗಳ ಮೇಲೆ ಗುರಿಯಿಟ್ಟು ನಿಂತಿದ್ದುವು. ಆದರೆ ಕೋಟೆಯ ದಂಡಿಗೆ ಇನ್ನೊಂದು ಕೆಲಸವೂ ಇತ್ತು. ಕಬ್ಬಿನ ತೋಟದ ಆಳುಗಳು ದಂಗೆಯೇಳದಂತೆ ಅಂಕೆಯಲ್ಲಿಡುವುದು. ತಮ್ಮನ್ನು ಕಟ್ಟಿಹಾಕುವ ಗೋಡೆಗೆ ತಾವೇ ಕಲ್ಲು ಹೊತ್ತವರ ಪಾಡು ಅದು.

ಈ ಕೋಟೆಗೂ ನಮ್ಮ ನಾಡಿಗೂ ಒಂದು ನಂಟುಂಟೆಂಬುದು ನನಗೆ ಆಶ್ಚರ್ಯ ತಂದ ವಿಷಯ. 1782ರ ಜನವರಿಯಲ್ಲಿ ಫ್ರೆಂಚರ ಎಂಟು ಸಾವಿರ ಸೈನಿಕರು ಬ್ರಿಮ್‌ಸ್ಟೋನ್ ಹಿಲ್ಲನ್ನು ಮುತ್ತಿದರು. ಒಳಗಿದ್ದ ಬ್ರಿಟಿಷ್ ದಂಡು ಸುಮಾರು ಒಂದು ಸಾವಿರ. ದೊಡ್ಡ ಫಿರಂಗಿಗಳನ್ನೂ ಗುಂಡುಗಳನ್ನೂ ಮೇಲಕ್ಕೆ ಸಾಗಿಸದೆ ಗುಡ್ಡದ ಬುಡದಲ್ಲಿಯೇ ಬಿಟ್ಟಿದ್ದುದರಿಂದ ಅವು ಫ್ರೆಂಚರ ಕೈಸೇರಿ ಕೋಟೆಯ ಮೇಲೆಯೇ ತಿರುಗಿದುವು. ಹೊತ್ತು ಏರಿಸುವವರಿಲ್ಲದ ಕೋಟೆಯ ಬಲ ಎಷ್ಟೆಂಬುದು ಆಗ ತಿಳಿಯಿತು. ಒಂದು ತಿಂಗಳ ಮುತ್ತಿಗೆಯ ಬಳಿಕ ಕೋಟೆ ಶರಣಾಯಿತು. ಅದೇ ಯುದ್ಧದ ಇನ್ನೊಂದು ಕೊನೆಯಲ್ಲಿ ಹೈದರನೂ ಟಿಪ್ಪುವೂ ಫ್ರೆಂಚರ ಸ್ನೇಹದಿಂದ ಇಂಗ್ಲಿಷರೊಡನೆ ಹೋರಾಡುತ್ತಿದ್ದರು. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಯನ್ನು ಮುತ್ತಿದ್ದಾಗ ಐರೋಪ್ಯರೊಳಗೆ ಸಂಧಿಯಾದ ಸುದ್ದಿ ಬಂದು, ಅವನ ಜೊತೆಗಿದ್ದ ಫ್ರೆಂಚ್ ದಳ ಮುತ್ತಿಗೆಯಿಂದ ಹಿಂದೆ ಸರಿಯಿತು. ಆ ವರ್ಷದ ವರ್ಸೇಲ್ಸ್ ಒಪ್ಪಂದವೇ ಸೇಂಟ್ ಕಿಟ್ಸ್ ದ್ವೀಪವನ್ನು ಮರಳಿ ಬ್ರಿಟಿಷರ ಕೈಗಿತ್ತಿತು. ಎಲ್ಲಿಯ ಮಂಗಳೂರು, ಎಲ್ಲಿಯ ಸೇಂಟ್ ಕಿಟ್ಸ್! ದೂರದ ಅರಮನೆಯೊಂದರಲ್ಲಿ ಬಿದ್ದ ರುಜು ಎರಡು ಕಡಲುಗಳ ದಡದ ಕೋಟೆಗಳನ್ನು ಮುಟ್ಟಿತು. ಎರಡು ಕಡೆಯ ಜನರನ್ನೂ ಯಾರೂ ಕೇಳಲಿಲ್ಲ.

ಮುಂದೆ 1834ರ ಆಗಸ್ಟ್ 1ರಂದು ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಶಾಸನ ಜಾರಿಗೆ ಬಂದಿತು. ಆಗ ಸರ್ಕಾರ ಎರಡು ಕೋಟಿ ಪೌಂಡುಗಳ ಪರಿಹಾರ ನೀಡಿತು. ಯಾರಿಗೆಂದು ಬಲ್ಲಿರಾ? ಬಿಡುಗಡೆಯಾದವರಿಗಲ್ಲ, ಅವರ ಒಡೆಯರಿಗೆ. ಅದಕ್ಕಾಗಿ ಎತ್ತಿದ ಸಾಲದ ಬಾಕಿ ಪೂರ್ತಿಯಾಗಿ ತೀರಿದುದು 2015ರಲ್ಲಿ. ಕಬ್ಬಿನ ಗದ್ದೆಗೆ ಆಳು ಸಾಲದೆ 1838ರಿಂದ 1917ರವರೆಗೆ ಕಲ್ಕತ್ತ ಮತ್ತು ಮದರಾಸು ಬಂದರುಗಳಿಂದ ನಮ್ಮ ದೇಶದ ಸುಮಾರು ಐದು ಲಕ್ಷ ಬಡವರನ್ನು ಕರಾರಿನ ಕೂಲಿಗಳಾಗಿ ಆ ಸೀಮೆಗೆ ಸಾಗಿಸಿದರು. ಆದುದರಿಂದ ಆ ನೆಲ ನಮಗೆ ಪೂರ್ತಿ ಪರಕೀಯವೇನೂ ಅಲ್ಲ.

ಇವೆಲ್ಲವನ್ನೂ ನಾನು ನಮ್ಮ ಚರ್ಚಾಕೂಟದಲ್ಲಿ ಹೇಳಿದಾಗ ಸಹಪಾಠಿಯೊಬ್ಬರು ಎದ್ದು ಬಲವಾಗಿ ವಿರೋಧಿಸಿದರು. “ವರ್ಷವೆಲ್ಲ ದುಡಿದು ದಣಿದವನು ನಾಲ್ಕು ದಿನ ಕಡಲ ದಂಡೆಗೆ ಹೋಗುತ್ತಾನೆ. ಅವನ ಮುಂದೆ ಗುಲಾಮರ ಕಥೆ ತೆಗೆದರೆ ಅವನು ಬಂದಾನೆಯೆ? ಅವನು ಬಾರದಿದ್ದರೆ ಅಲ್ಲಿಯ ಜನ ಉಣ್ಣುವುದೇನನ್ನು?” ಎಂದು ಕೇಳಿದರು. ಮಾತಿನಲ್ಲಿ ಸತ್ಯವಿದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. ಸೇಂಟ್ ಕಿಟ್ಸ್‌ನಲ್ಲಿ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದ ಸಕ್ಕರೆಯ ಉದ್ಯಮ ನಷ್ಟದ ಮೇಲೆ ನಷ್ಟವಾಗಿ 2005ರಲ್ಲಿ ಮುಚ್ಚಿತು. ಇಂದು ಪ್ರವಾಸಿಗಳೇ ಅಲ್ಲಿಯ ಅನೇಕರ ಅನ್ನ. 1853ರಲ್ಲಿ ಬ್ರಿಟಿಷ್ ದಂಡು ಬಿಟ್ಟುಹೋದ ಮೇಲೆ ಹಾಳುಬಿದ್ದು ಪೊದೆ ಬೆಳೆದಿದ್ದ ಬ್ರಿಮ್‌ಸ್ಟೋನ್ ಹಿಲ್ ಮರಳಿ ಎದ್ದುನಿಂತುದು ಅಲ್ಲಿಯ ಜನರೇ ಕಟ್ಟಿಕೊಂಡ ಸಂಘವೊಂದರ ಶ್ರಮದಿಂದ. 1999ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕೋಟೆಯನ್ನು ಉಳಿಸಲು ಪ್ರವಾಸಿ ತೆರುವ ಹಣವೂ ಬೇಕು. ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ.

ನನ್ನ ತಕರಾರು ಬೇರೆ. ಪ್ರವಾಸಿ ಬರುವುದರಿಂದ ಅಲ್ಲಿಯವರಿಗೆ ತಮ್ಮ ದಡವೂ ತಮ್ಮ ಕಥೆಯೂ ಉಳಿಯುತ್ತವೆಯೋ ಇಲ್ಲವೋ ಎಂಬುದು ನನ್ನ ಪ್ರಶ್ನೆ. ಜಮೈಕದಲ್ಲಿ 1956ರಲ್ಲಿ, ಅದು ಇನ್ನೂ ವಸಾಹತಾಗಿದ್ದಾಗ, ಸಮುದ್ರತೀರದ ಬಗ್ಗೆ ಒಂದು ಕಾನೂನಾಯಿತು. ದಂಡೆಯ ಒಡೆತನ ರಾಜಸತ್ತೆಗೆ ಸೇರಿತು. ಜನಸಾಮಾನ್ಯರಿಗೆ ಅಲ್ಲಿ ಈಜಾಡುವ, ತಿರುಗಾಡುವ ಸಾರ್ವತ್ರಿಕ ಹಕ್ಕು ದೊರೆಯಲಿಲ್ಲ. 1962ರಲ್ಲಿ ದೇಶ ಸ್ವತಂತ್ರವಾದ ಮೇಲೂ ಆ ಕಾನೂನು ಉಳಿಯಿತು. ಹೋಟೆಲುಗಳು ಬೆಳೆದಂತೆ ಬೇಲಿಗಳೂ ಬೆಳೆದುವು. ತಮ್ಮ ಅಜ್ಜಂದಿರು ಈಜಿದ ನೀರಿಗೆ ದಾರಿ ಬೇಕೆಂದು ಅಲ್ಲಿಯ ಜನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದಿದೆ. ಊಟ, ವಸತಿ, ಪಾನ, ವಿನೋದ ಎಲ್ಲದರ ಹಣವನ್ನೂ ತನ್ನ ದೇಶದಲ್ಲಿಯೇ ಕಟ್ಟಿ ಬರುವ ಅತಿಥಿ ಹೋಟೆಲಿನ ಗೇಟು ದಾಟಿ ಸಂತೆಗೆ ಕಾಲಿಡುವ ಅಗತ್ಯವೇ ಇಲ್ಲ. ಅಂಥ ಹಣದಲ್ಲಿ ಊರಿಗೆ ಇಳಿಯುವುದೆಷ್ಟು?

ಹೈತಿಯ ಉದಾಹರಣೆ ಇನ್ನೂ ಮನ ಕಲಕುವಂಥದು. ಅಲ್ಲಿಯ ಗುಲಾಮರು ದಂಗೆಯೆದ್ದು ಫ್ರೆಂಚರನ್ನು ಸೋಲಿಸಿ 1804ರಲ್ಲಿ ಸ್ವತಂತ್ರರಾದರು. ಫ್ರೆಂಚರು ಮರಳಿ ಬಂದಾರೆಂಬ ಭಯದಿಂದ ಆನ್ರಿ ಕ್ರಿಸ್ತೋಫ್ ಎಂಬ ನಾಯಕ 900 ಮೀಟರಿಗೂ ಹೆಚ್ಚು ಎತ್ತರದ ಬೆಟ್ಟದ ತುದಿಯಲ್ಲಿ ಸಿಟಾಡೆಲ್ ಎಂಬ ಮಹಾದುರ್ಗವನ್ನು ಕಟ್ಟಿಸಿದನು. ಇಪ್ಪತ್ತು ಸಾವಿರ ಜನ ದುಡಿದರೆಂದು ಹೇಳುತ್ತಾರೆ. ಒಡೆಯರಿಗಾಗಿ ಅಲ್ಲದೆ ಒಡೆಯರ ವಿರುದ್ಧ ಎದ್ದ ಕೋಟೆ ಅದು. ಆದರೂ ಬಿಡುಗಡೆಯಾದ ಜನರನ್ನೇ ಬಲಾತ್ಕಾರದಿಂದ ದುಡಿಸಿ ಕಟ್ಟಿದುದೆಂಬುದನ್ನು ಮರೆಯುವಂತಿಲ್ಲ. ಕಲ್ಲು ಹೊರುವವನ ಬೆನ್ನಿಗೆ ರಾಜನ ಬಣ್ಣ ತಿಳಿಯದು. ಫ್ರೆಂಚರು ಸೈನ್ಯದೊಡನೆ ಕೋಟೆಯವರೆಗೆ ಬರಲೇ ಇಲ್ಲ. 1825ರಲ್ಲಿ ಯುದ್ಧದ ಹಡಗುಗಳನ್ನು ಬಂದರಿನಲ್ಲಿ ನಿಲ್ಲಿಸಿ, ಹದಿನೈದು ಕೋಟಿ ಫ್ರಾಂಕು ತೆರುವಂತೆ ಮಾಡಿದರು. ಆ ಸಾಲಕ್ಕೆ ಯಾವ ಗೋಡೆಯೂ ಅಡ್ಡ ಬರಲಿಲ್ಲ. ಅದೇ ಉತ್ತರ ಹೈತಿಯಲ್ಲಿ ಲಬಾಡಿ ಎಂಬ ಸುಂದರ ತೀರವನ್ನು ವಿದೇಶದ ಹಡಗು ಕಂಪನಿಯೊಂದು ಗುತ್ತಿಗೆಗೆ ಪಡೆದು ಬೇಲಿ ಹಾಕಿತು. ದೇಶದ ಗಲಭೆಗಳಿಂದಾಗಿ ಹಡಗುಗಳು ಬಾರದೆ ನಿಂತುದೂ ಉಂಟು; ಬಂದ ದಿನಗಳಲ್ಲಿಯೂ ಪ್ರವಾಸಿಗಳಲ್ಲಿ ಬಹುಪಾಲು ಮಂದಿ ಬೇಲಿಯೊಳಗೆ ಸ್ನಾನ ಮಾಡಿ ಹಡಗಿಗೆ ಮರಳುತ್ತಿದ್ದರು. ಗುಲಾಮಗಿರಿಯನ್ನು ಕಿತ್ತೊಗೆದ ಜನರ ದುರ್ಗ ಸಮೀಪದಲ್ಲಿಯೇ ಇದ್ದರೂ ನೋಡಿ ಬಂದವರು ಕೆಲವರು ಮಾತ್ರ.

ಬೇರೊಂದು ರೀತಿ ಸಾಧ್ಯವಿಲ್ಲವೆ? ಪೋರ್ಟೊ ರಿಕೊದ ಸಾನ್ ಹ್ವಾನ್ ನಗರವನ್ನು ನೋಡಿ. ಅಲ್ಲಿಯ ಎಲ್ ಮೊರ್ರೊ ಕೋಟೆಯನ್ನು ಸ್ಪೇನಿನವರು 1539ರಲ್ಲಿ ಕಟ್ಟತೊಡಗಿದರು. ಹೆಸರಾಂತ ಇಂಗ್ಲಿಷ್ ನಾವಿಕ ಡ್ರೇಕ್ 1595ರಲ್ಲಿ ಆ ನಗರದ ಮೇಲೆರಗಿ ಸೋತು ಹಿಂದಿರುಗಿದನು. ಇಂದು ಕೋಟೆಯ ಮುಂದಿನ ವಿಶಾಲವಾದ ಹುಲ್ಲುಗಾವಲಿನಲ್ಲಿ ಊರಿನ ಸಂಸಾರಗಳು ಮಕ್ಕಳೊಡನೆ ಬಂದು ಗಾಳಿಪಟ ಹಾರಿಸುತ್ತವೆ. ಸಮುದ್ರತೀರ ಅಲ್ಲಿ ಕಾನೂನಿನ ಪ್ರಕಾರ ಎಲ್ಲರಿಗೂ ಸೇರಿದುದು. ಅಲ್ಲಿಯೂ ಕೊರತೆಯಿಲ್ಲವೆಂದಲ್ಲ. ಕೋಟೆಗೋಡೆಗೂ ಕಡಲಿಗೂ ನಡುವೆ ಲಾ ಪೆರ್ಲಾ ಎಂಬ ಬಡವರ ಕೇರಿಯಿದೆ. ಗೋಡೆಯೊಳಗೆ ಇರಗೊಡದವರು, ಹಿಂದೆ ಗುಲಾಮರಾಗಿದ್ದವರು ನೆಲೆಸಿದ ಸ್ಥಳ ಅದು. ಆದರೆ ಕೋಟೆ ಅತಿಥಿಯದು ಮಾತ್ರವಲ್ಲ, ಊರಿನದೂ ಹೌದು ಎಂಬುದಕ್ಕೆ ಆ ಗಾಳಿಪಟಗಳು ಸಾಕ್ಷಿ.

ಈ ವಿಷಯ ನನಗೆ ಬರಿಯ ಓದಿನದಲ್ಲ. ಪದವಿ ಮುಗಿದ ಮೇಲೆ ಪ್ರವಾಸೋದ್ಯಮದಲ್ಲಿ, ಸಾಧ್ಯವಾದರೆ ಮಾರ್ಗದರ್ಶಿಯಾಗಿ, ಕೆಲಸ ಹಿಡಿಯಬೇಕೆಂಬುದು ನನ್ನ ಇಚ್ಛೆ. ಮನೆಯಲ್ಲಿ ಮೊದಲ ಪದವೀಧರ ನಾನು. ಸಂಬಳ ತರಬೇಕಾದ ಹೊಣೆ ಇದೆ. “ಹೀಗೆಲ್ಲ ಮಾತಾಡಿದರೆ ನಿನಗೆ ಯಾರೂ ಕೆಲಸ ಕೊಡುವುದಿಲ್ಲ” ಎಂದು ಅದೇ ಸಹಪಾಠಿ ನಕ್ಕು ಹೇಳಿದರು. ಇದ್ದರೂ ಇರಬಹುದು. ಆದರೆ ಬಂದವರ ಸಂತೋಷಕ್ಕಾಗಿ ನನ್ನ ತಂದೆಯಂಥವರನ್ನು ಕಥೆಯಿಂದ ಹೊರಗಿಟ್ಟು ಗಳಿಸಿದ ಸಂಬಳವನ್ನು ಅವರ ಕೈಗೆ ಹೇಗೆ ಕೊಡಲಿ? ಪ್ರವಾಸಿಯನ್ನು ಹೆದರಿಸಬೇಕಾಗಿಲ್ಲ, ಅಳಿಸಬೇಕಾಗಿಲ್ಲ. ಕೋಟೆ ತೋರಿಸುವಾಗ ರಾಜನ ಹೆಸರಿನ ಜೊತೆಗೆ, ಎಂಜಿನಿಯರನ ಹೆಸರಿನ ಜೊತೆಗೆ, ಹೊತ್ತವರು ಯಾರೆಂಬ ಒಂದು ಮಾತನ್ನೂ ಸೇರಿಸಿದರೆ ಸಾಕು. ದಣಿದು ಬಂದವನು ಅದನ್ನು ಕೇಳಲಾರದಷ್ಟು ಕಲ್ಲೆದೆಯವನೆಂದು ನಾನು ನಂಬಲಾರೆ.

ಇನ್ನೊಬ್ಬರಿಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕಳೆದ ಸಲ ನಮ್ಮ ತರಗತಿ ಪ್ರವಾಸ ಹೋದಾಗ ಕೋಟೆಯೊಂದರ ಮೇಲೆ ನಾನೂ ಫಿರಂಗಿಯ ಪಕ್ಕ ನಿಂತು ಚಿತ್ರ ತೆಗೆಸಿಕೊಂಡೆ. ಒಂದು ಕಲ್ಲನ್ನೂ ಮುಟ್ಟಿ ನೋಡಲಿಲ್ಲ. ಕಲ್ಲು ಕುಟ್ಟುವವನ ಮಗನಾದ ನನಗೇ ಹೊಳೆಯದ ಪ್ರಶ್ನೆ ಪರದೇಶದ ಪ್ರವಾಸಿಗೆ ಹೊಳೆಯಲಿಲ್ಲವೆಂದು ದೂರುವ ಅಧಿಕಾರ ನನಗೆ ಎಷ್ಟಿದೆಯೋ ವಾಚಕರೇ ಹೇಳಬೇಕು.

ಮುಂದಿನ ವರ್ಷ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಕಿರಿಯ ಮಿತ್ರರು ಪ್ರವಾಸ ಹೋಗುತ್ತಾರೆ; ಯಾವುದಾದರೂ ಕೋಟೆಯನ್ನು ಏರುತ್ತಾರೆ. ಚಿತ್ರ ತೆಗೆಸಿಕೊಳ್ಳಲಿ, ಬುತ್ತಿ ಬಿಚ್ಚಿ ಉಣ್ಣಲಿ, ನಗಲಿ. ಆದರೆ ಇಳಿಯುವ ಮೊದಲು ಅವರಲ್ಲಿ ಒಬ್ಬರಾದರೂ ಮಾರ್ಗದರ್ಶಿಯನ್ನು ನನ್ನ ತಂದೆಯವರ ಪರವಾಗಿ ಕೇಳಬೇಕೆಂದು ಪ್ರಾರ್ಥನೆ: ಈ ಕಲ್ಲು ಅಲ್ಲೇ ಒಡೆದದ್ದೋ, ಕೆಳಗಿನಿಂದ ಹೊತ್ತದ್ದೋ? ಹೊತ್ತವರು ಯಾರು?